ನನ್ನ ಎಡ ಮಂಡಿ ಹಾಗೂ ಹುಳುಮನೆಯ ಕೆಳಗಿನ ಅಟ್ಟಣಿಗೆಯ ಬಗ್ಗೆ

ಮಾನ್ಯ ಓದುಗರ ಸನ್ನಿಧಿಗೆ,

ಮೊದಲನೆಯದಾಗಿ ತಮ್ಮಲ್ಲಿ ಕ್ಷಮೆ ಕೋರುತ್ತೇನೆ. ನನ್ನ ಕೈಬರಹ ಅಂದವಾಗಿಲ್ಲ. ಒತ್ತಕ್ಷರ ಬಂದ ಕಡೆಯೆಲ್ಲ ನನ್ನ ಪೆನ್ನು ಒಂದು ಕ್ಷಣ ನಿಲ್ಲುತ್ತದೆ. ಅಲ್ಪಪ್ರಾಣ ಎಲ್ಲಿ, ಮಹಾಪ್ರಾಣ ಎಲ್ಲಿ ಎಂಬ ಅನುಮಾನ ಹತ್ತನೆಯ ತರಗತಿಯಿಂದಲೂ ನನ್ನನ್ನು ಬಿಟ್ಟಿಲ್ಲ. ಈ ಹಿಂದೆ ನಾನು ಬರೆದಿರುವುದು ಮನವಿ ಪತ್ರಗಳನ್ನು ಮಾತ್ರ. ಪಂದ್ಯಗಳಿಗೆ ಹೋಗಲು ಪ್ರಾಂಶುಪಾಲರ ಅನುಮತಿ, ಹಾಜರಾತಿಯಲ್ಲಿ ವಿನಾಯಿತಿ, ಕಬಡ್ಡಿ ಅಂಕಣಕ್ಕೆ ಎರಡು ಲೋಡು ಕೆಮ್ಮಣ್ಣು ಹಾಕಿಸಿಕೊಡುವಂತೆ ಕೋರಿಕೆ, ಇವನ್ನೆಲ್ಲ ನಮ್ಮ ತರಬೇತುದಾರರು ನನ್ನ ಕೈಯಲ್ಲೇ ಬರೆಸುತ್ತಿದ್ದರು. ಬರೆದದ್ದನ್ನು ಕೆಂಪು ಪೆನ್ನಿನಿಂದ ತಿದ್ದಿ ಮತ್ತೊಮ್ಮೆ ಬರೆಸುತ್ತಿದ್ದರು. ಆದಕಾರಣ ನನಗೆ ಬರುವ ಬರವಣಿಗೆ ಅದೊಂದೇ ಬಗೆಯದು. ಪತ್ರಕ್ಕೆ ‘ವಿಷಯ’ ಎಂಬ ಸಾಲು ಇರಲೇಬೇಕೆಂದು ಅವರು ಕಲಿಸಿದ್ದಾರೆ. ಅದರಂತೆ ವಿಷಯವನ್ನು ಮೇಲೆ ನಮೂದಿಸಿದ್ದೇನೆ.

ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ನಮ್ಮ ಊರು ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಗೆ ಸಮೀಪದಲ್ಲಿದೆ. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಅಪ್ಪ ಹಿಪ್ಪುನೇರಳೆ ತೋಟ ನೋಡಿಕೊಳ್ಳುತ್ತಾರೆ. ಹಿತ್ತಲಿನ ಹುಳುಮನೆ ಮಾತ್ರ ಪೂರ್ತಿಯಾಗಿ ಅಮ್ಮನ ಆಡಳಿತಕ್ಕೆ ಒಳಪಟ್ಟದ್ದು. ಅಲ್ಲಿ ಮೂರು ಅಂತಸ್ತಿನ ಅಟ್ಟಣಿಗೆಗಳಿವೆ. ಮೇಲಿನದನ್ನು ಕೈ ಎತ್ತಿ, ನಡುವಿನದನ್ನು ನಿಂತು, ಕೆಳಗಿನದನ್ನು ನೆಲದ ಹತ್ತಿರ ಬಗ್ಗಿ ನೋಡಿಕೊಳ್ಳಬೇಕು. ಈ ಕೆಳಗಿನದನ್ನು ತಾವು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಬೇಕಾಗಿ ವಿನಂತಿ.

ನಾನು ದೈಹಿಕ ಶಿಕ್ಷಣದ ವಿದ್ಯಾರ್ಥಿನಿಯಾಗಿದ್ದೆ. ಕಬಡ್ಡಿಯಲ್ಲಿ ದಾಳಿಗೆ ಹೋಗುವುದು ನನ್ನ ಜವಾಬ್ದಾರಿಯಾಗಿತ್ತು. ಕಳೆದ ವರ್ಷ ಗೌರಿಬಿದನೂರಿನಲ್ಲಿ ನಡೆದ ಒಂದು ಪಂದ್ಯದಲ್ಲಿ, ಎದುರಾಳಿಯ ಕೈಯಿಂದ ಪಾದ ಬಿಡಿಸಿಕೊಂಡು ಎಡಗಾಲ ಮೇಲೆ ತಿರುಗಿದಾಗ ಮಂಡಿಯೊಳಗೆ ಟಕ್ ಎಂದಿತು. ನನ್ನ ಕಾಲು ಹಿಡಿದಿದ್ದ ಹುಡುಗಿಗೂ ಆ ಸದ್ದು ಕೇಳಿಸಿತು. ಅವಳು ಕೈ ಬಿಟ್ಟು ಹಿಂದೆ ಸರಿದು, “ನಾನೇನೂ ಮಾಡ್ಲಿಲ್ಲ ಸರ್” ಎಂದು ಅಳಲಾರಂಭಿಸಿದಳು. ನಾನು ಅಳಲಿಲ್ಲ. ಎದ್ದು ನಿಂತೆ, ಮಂಡಿ ಪಕ್ಕಕ್ಕೆ ಜಾರಿತು, ಕೂತುಬಿಟ್ಟೆ.

ಮಂಡಿಯೊಳಗೆ ಮೇಲಿನ ಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಹಿಡಿದಿಡುವ ಹುರಿ ಕಿತ್ತುಹೋಗಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ತೊಡೆಯ ಹಿಂಬದಿಯಿಂದ ಒಂದು ಎಳೆ ತೆಗೆದು ಹೊಸ ಹುರಿ ಕಟ್ಟಿದರು. ಎರಡು ಮೂಳೆಗಳ ನಡುವಿನ ಮೆತ್ತೆಯೂ ಹರಿದಿದ್ದರಿಂದ ಅದಕ್ಕೂ ಹೊಲಿಗೆ ಹಾಕಿದರು. ಒಂಬತ್ತು ತಿಂಗಳು ಆಟ ಇಲ್ಲ ಎಂದರು. ನಾನು ಬೆರಳು ಮಡಿಸಿ ಎಣಿಸಿದೆ. ಒಂಬತ್ತು ತಿಂಗಳು ತುಂಬಿದ ಎರಡೇ ದಿನಕ್ಕೆ ಚಿಕ್ಕಬಳ್ಳಾಪುರದ ಮೈದಾನದಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ನಡೆಯುವುದಿತ್ತು. ಓದು ಆ ವರ್ಷಕ್ಕೆ ಮುಗಿಯುವುದರಿಂದ ಆ ತಂಡದ ಬನಿಯನ್ ತೊಡಲು ನನಗೆ ಅದೇ ಕೊನೆಯ ಅವಕಾಶ. ಅಂದಿನಿಂದ ನನ್ನ ಮನಸ್ಸಿನಲ್ಲಿ ಇದ್ದದ್ದು ಆ ದಿನವೊಂದೇ.

ಮನೆಗೆ ಬಂದ ಮೇಲೆ ಏನೇನು ಮಾಡಬಾರದು ಎಂಬ ಪಟ್ಟಿಯನ್ನು ಅಪ್ಪ ಗೋಡೆಗೆ ಅಂಟಿಸಿದರು. ಓಡಬಾರದು, ಜಿಗಿಯಬಾರದು, ಕುಕ್ಕರಗಾಲಿನಲ್ಲಿ ಕೂರಬಾರದು. ಮೂರನೆಯದಕ್ಕಾಗಿ ಅಪ್ಪ ಒಂದು ಪ್ಲಾಸ್ಟಿಕ್ ಕುರ್ಚಿಯ ನಡುವೆ ಗರಗಸದಿಂದ ತೂತು ಕೊರೆದು ಶೌಚಾಲಯದಲ್ಲಿ ಇಟ್ಟರು. ನೋಡಲು ಬಂದ ನೆಂಟರಿಗೆಲ್ಲ ಆ ಕುರ್ಚಿಯನ್ನೇ ಮೊದಲು ತೋರಿಸುತ್ತಿದ್ದರು. ಕುಕ್ಕರಗಾಲಿನ ವಿಷಯ ಅಲ್ಲಿಗೆ ಇತ್ಯರ್ಥವಾಯಿತೆಂದು ನಾವೆಲ್ಲರೂ ಭಾವಿಸಿದೆವು.

ಮೂರು ತಿಂಗಳು ಕಳೆದರೂ ನನ್ನ ತೊಡೆ ನನ್ನ ಮಾತು ಕೇಳುತ್ತಿರಲಿಲ್ಲ. ಮಂಡಿಯ ಮೇಲಿನ ಮಾಂಸಖಂಡವನ್ನು ಬಿಗಿ ಮಾಡು ಎಂದು ಮನಸ್ಸಿನಲ್ಲಿ ಹೇಳಿದರೆ ಬಲಗಾಲು ಬಿಗಿಯಾಗುತ್ತಿತ್ತು, ಎಡಗಾಲು ಸುಮ್ಮನಿರುತ್ತಿತ್ತು. ಹಿಂಬದಿಯಲ್ಲಿ ಮಾತ್ರ ಹಗ್ಗ ಹೊಸೆದಂತೆ ಗಂಟುಗಂಟು ನೋವು. ಗೆಳತಿಯೊಬ್ಬಳು ನೋವಿನ ಮುಲಾಮು ತಂದುಕೊಟ್ಟಳು. ಡಬ್ಬಿಯ ಮುಚ್ಚಳ ತೆಗೆಯುವುದೇ ತಡ, ಅಂಗಳದಿಂದ ಅಮ್ಮನ ದನಿ ಬಂತು.

“ಏಯ್, ಅದನ್ನ ಮುಚ್ಚೇ! ಅದ್ ಹಚ್ಕೊಂಡು ಹುಳದ ಮನೆ ಕಡೆ ತಲೆ ಹಾಕಿದ್ರೆ ನೋಡು!”

ರೇಷ್ಮೆ ಹುಳುವಿಗೆ ಘಾಟು ವಾಸನೆ ಆಗದು ಎಂಬುದು ನಮ್ಮ ಕಡೆ ಎಲ್ಲರೂ ಪಾಲಿಸುವ ನಿಯಮ. ಸೊಳ್ಳೆ ಬತ್ತಿ, ಸೆಂಟು, ಹೊಗೆಸೊಪ್ಪು, ಮುಲಾಮು, ಯಾವುದಕ್ಕೂ ಪ್ರವೇಶವಿಲ್ಲ. ಹಚ್ಚಿಕೊಂಡವರು ಹೊಸಿಲ ಆಚೆಯೇ ನಿಲ್ಲಬೇಕು.

“ನನ್ ಮಂಡಿಗಿಂತ ನಿಂಗೆ ಹುಳನೇ ಹೆಚ್ಚಾ?” ಎಂದು ಕೇಳಿದೆ.

“ನೀನಾದ್ರೆ ಬಾಯ್ಬಿಟ್ಟು ಹೇಳ್ತೀಯ ಕಣೇ. ಅವು ಸುಮ್ನೆ ಸಾಯ್ತವೆ,” ಎಂದರು ಅಮ್ಮ.

ಈ ಹಿನ್ನೆಲೆಯಲ್ಲಿ ನನ್ನನ್ನು ಚಿಂತಾಮಣಿಯ ಫಿಸಿಯೋಥೆರಪಿ ಮೇಡಂ ಅವರ ಬಳಿ ಕಳುಹಿಸಲಾಯಿತು. ಶಿಡ್ಲಘಟ್ಟದಲ್ಲಿ ಬಸ್ಸು ಬದಲಾಯಿಸಿ ಹೋಗಬೇಕು. ಬಿತ್ತನೆ ಬೀಜದ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕೊಠಡಿ. ಕಿಟಕಿಯಿಂದ ತರಕಾರಿ ಹರಾಜಿನ ಕೂಗು ಕೇಳುತ್ತಿತ್ತು. ಮಂಡಿ ನೋವಿನವರನ್ನು ಇಷ್ಟು ಮೆಟ್ಟಿಲು ಹತ್ತಿಸುತ್ತೀರಲ್ಲ ಎಂದು ಅಪ್ಪ ಮೊದಲ ದಿನವೇ ಕೇಳಿದರು. “ಹತ್ತೋಕಾದವರಿಗೆ ಅರ್ಧ ವಾಸಿ ಆಗಿರ್ತದೆ ಅಣ್ಣ, ಇನ್ನರ್ಧ ನಾನು ಮಾಡ್ತೀನಿ,” ಎಂದರು ಅವರು. ಅವರ ಮಾತಿನಲ್ಲಿ ತೆಲುಗು ಧಾರಾಳವಾಗಿ ಬೆರೆಯುತ್ತಿತ್ತು.

ಕೆಲವು ವಾರ ವ್ಯಾಯಾಮ ಮಾಡಿಸಿದ ಬಳಿಕ ಅವರು ನನ್ನನ್ನು ಬೋರಲು ಮಲಗಿಸಿ, ತೊಡೆಯ ಹಿಂಬದಿಯನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ, ಒಂದು ಕಡೆ ನಿಂತರು. ನಾನು ಹಾಸಿಗೆಯ ಅಂಚು ಹಿಡಿದುಕೊಂಡೆ. ಇಲ್ಲಿಗೆ ಡ್ರೈ ನೀಡ್ಲಿಂಗ್ ಮಾಡಬೇಕು ಎಂದರು. ಹಾಗೆಂದರೆ ಔಷಧಿಯಿಲ್ಲದ ಬರೀ ಸೂಜಿ. ಕೂದಲಿಗಿಂತ ತುಸು ದಪ್ಪ, ನನ್ನ ಬೆರಳಿಗಿಂತ ಸ್ವಲ್ಪ ಕಡಿಮೆ ಉದ್ದ. ಅದನ್ನು ಗಂಟುಗಟ್ಟಿದ ಮಾಂಸಖಂಡದೊಳಗೆ ಇಳಿಸಿ, ಗಂಟು ಸಡಿಲವಾದ ಮೇಲೆ ತೆಗೆಯುತ್ತಾರೆ.

“ಡೋಪ್ ಟೆಸ್ಟಲ್ಲಿ ಸಿಕ್ಕಾಕ್ಕೊಳಲ್ವಾ ಮೇಡಂ?”

“ಏಮೀ ಲೇದು ತಲ್ಲಿ, ಇದ್ರೊಳಗೆ ಏನೂ ಇಲ್ಲ. ಗಾಳಿನೂ ಇಲ್ಲ. ಎದುರಾಳಿ ಕಾಲು ಹಿಡಿದ್ರೆ ಹೆದರಲ್ಲ, ಕೂದಲಿನಷ್ಟು ಸೂಜಿಗೆ ಹಿಂಗೆ ಬಿಗಿ ಹಿಡ್ಕೊಂತಿಯಲ್ಲಮ್ಮಾ. ಬಿಡು, ಸಡಿಲ ಬಿಡು.”

ಚರ್ಮ ದಾಟುವಾಗ ಇರುವೆ ಕಚ್ಚಿದಷ್ಟೇ ಆಯಿತು. ಒಳಗೆ ಹೋದ ಮೇಲೆ, ನಾನು ಹೇಳದೆಯೇ ನನ್ನ ತೊಡೆ ತಾನಾಗಿ ಒಮ್ಮೆ ಮಿಡುಕಿತು. ಸೊಪ್ಪಿನ ಕೆಳಗಿರುವ ಹುಳು ಬೆರಳು ತಾಗಿದಾಗ ಮಿಸುಕುವುದಿಲ್ಲವೇ, ಥೇಟ್ ಹಾಗೆ. ಅದರ ಹಿಂದೆಯೇ ಆಳವಾದ, ಸೆಳೆಯುವಂಥ ನೋವು ಮೀನಖಂಡದವರೆಗೆ ಹರಿಯಿತು. ಬಾಯಿಗೆ ಬಂದ ಮಾತನ್ನು ಇಲ್ಲಿ ಬರೆಯಲಾಗದು.

“ಅದೇ ಬೇಕಾಗಿದ್ದಿದ್ದು,” ಎಂದರು ಮೇಡಂ. “ಬೈಕೋ, ಪರ್ವಾಗಿಲ್ಲ.”

ಆಮೇಲೆ ಕಾಲು ಮಡಿಸಿ ಕೋನಮಾಪಕ ಹಿಡಿದರು. ಮಂಡಿ ಆ ಬೆಳಿಗ್ಗೆಗಿಂತ ಹೆಚ್ಚು ಬಗ್ಗಿತು. ನನಗೆ ಹಾರುವಷ್ಟು ಸಂತೋಷವಾಯಿತು. ಮೇಡಂ ಮಾತ್ರ ನಗಲಿಲ್ಲ.

“ಒಂದು ಮಾತು ಚೆನ್ನಾಗಿ ಕೇಳ್ಕೋ. ಸೂಜಿ ನೋವು ಇಳಿಸ್ತದೆ, ಬಿಗಿ ಬಿಡಿಸ್ತದೆ. ಶಕ್ತಿ ಕೊಡಲ್ಲ. ಒಳಗಿನ ಹುರಿನ ಗಟ್ಟಿ ಮಾಡಲ್ಲ. ನೋವಿಲ್ಲ ಅಂದ ಮಾತ್ರಕ್ಕೆ ವಾಸಿ ಆಯ್ತು ಅನ್ಕೊಬ್ಯಾಡ. ತಿಳೀತಾ?”

ತಿಳಿಯಿತು ಎಂದೆ. ತಿಳಿದಿರಲಿಲ್ಲ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಅಂದು ಮನೆಗೆ ಬಂದಾಗ ಅಮ್ಮ ಹುಳುಮನೆಯ ಬಾಗಿಲಲ್ಲಿ ಅಡ್ಡ ನಿಂತು, “ಎಲ್ಲಿ, ಕಾಲು ತೋರ್ಸು,” ಎಂದರು. ಬಗ್ಗಿ ನನ್ನ ತೊಡೆಯನ್ನೂ ಮಂಡಿಯನ್ನೂ ಮೂಸಿದರು. ಅಪ್ಪ ಸೊಪ್ಪಿನ ಹೊರೆ ಇಳಿಸುತ್ತಾ, “ನಾಯಿ ಮೂಸ್ದಂಗೆ ಮೂಸ್ತೀಯಲ್ಲೇ ಮಗಳನ್ನ,” ಎಂದು ಹಾಸ್ಯ ಮಾಡಿದರು.

“ಸ್ಪಿರಿಟ್ಟು ಒರಸಿರ್ತಾರೆ, ಅದು ಬಸ್ಸಲ್ಲೇ ಆರಿ ಹೋಗಿದೆ. ಏನೂ ವಾಸನೆ ಇಲ್ಲ,” ಎಂದು ಅಮ್ಮ ಎದ್ದು ನಿಂತು ತೀರ್ಪು ಕೊಟ್ಟರು. “ಒಳ್ಳೇ ಡಾಕ್ಟ್ರಮ್ಮ. ಅವ್ರತ್ರನೇ ಹೋಗು.”

ಹೀಗೆ ನನ್ನ ಚಿಕಿತ್ಸೆಗೆ ಹುಳುಮನೆಯ ಒಪ್ಪಿಗೆ ದೊರೆಯಿತು.

ಮುಂದಿನ ತಿಂಗಳುಗಳಲ್ಲಿ ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಸೂಜಿ ಹಾಕಿಸಿಕೊಂಡೆ. ಪ್ರತಿ ಸಲವೂ ಸೂಜಿಯ ಬೆನ್ನಿಗೇ ವ್ಯಾಯಾಮ ಇರುತ್ತಿತ್ತು. ತೊಡೆ ಮೆಲ್ಲನೆ ಮಾತು ಕೇಳತೊಡಗಿತು. ಮೇಡಂ ನೆಲಕ್ಕೆ ಬಿಳಿ ಟೇಪು ಅಂಟಿಸಿ ಒಂಟಿಕಾಲಿನಲ್ಲಿ ಜಿಗಿಸಿ ನೋಡುತ್ತಿದ್ದರು. ಎಂಟನೆಯ ತಿಂಗಳಿಗೆ ಎಡಗಾಲಿನ ಜಿಗಿತ ಬಲಗಾಲಿಗಿಂತ ನಾಲ್ಕೇ ಬೆರಳು ಹಿಂದಿತ್ತು. “ಎರಡೂ ಸಮಕ್ಕೆ ಬಂದ್ರೆ ನಾನೇ ಬರೆದುಕೊಡ್ತೀನಿ, ಹೋಗಿ ಆಡು,” ಎಂದರು. ಆಯ್ಕೆಗೆ ಮೂರು ವಾರಕ್ಕೂ ಸ್ವಲ್ಪ ಹೆಚ್ಚು ದಿನ ಉಳಿದಿತ್ತು. ನೋವು ಇರಲೇ ಇಲ್ಲ. ಬೆಳಿಗ್ಗೆ ಎದ್ದಾಗ ಯಾವ ಕಾಲಿಗೆ ಪೆಟ್ಟಾಗಿತ್ತೆಂದು ಒಂದು ಕ್ಷಣ ಮರೆತೂ ಹೋಗುತ್ತಿತ್ತು.

ಅದೇ ವಾರ ನಮ್ಮ ಮನೆಯ ಹುಳು ಹಣ್ಣಾಯಿತು.

ಈ ಕಸುಬು ಅರಿಯದವರ ಸಲುವಾಗಿ ಎರಡು ಮಾತು. ಹುಳು ಬೆಳೆದು ಗೂಡು ಕಟ್ಟುವ ಹೊತ್ತಿಗೆ ಮೇವು ಬಿಟ್ಟು, ಮೈ ಹಳದಿಗೆ ತಿರುಗಿ, ತಲೆಯೆತ್ತಿ ಜಾಗ ಹುಡುಕುತ್ತದೆ. ಅದನ್ನೇ ಹಣ್ಣಾಗುವುದು ಎನ್ನುತ್ತೇವೆ. ಆಗ ಒಂದೊಂದನ್ನೂ ಆರಿಸಿ ಚಂದ್ರಂಕಿಗೆ, ಅಂದರೆ ಗೂಡು ಕಟ್ಟಲೆಂದು ಬಿದಿರಿನ ಸುರುಳಿ ಹೆಣೆದ ತಟ್ಟಿಗೆ, ಬಿಡಬೇಕು. ತಡವಾದರೆ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಆ ದಿನ ಮನೆಯಲ್ಲಿ ಕೈ ಇದ್ದವರು ಯಾರೂ ಸುಮ್ಮನೆ ಕೂರುವಂತಿಲ್ಲ. ಅಂದು ಊರಿನ ಅರ್ಧದಷ್ಟು ಮನೆಗಳಲ್ಲಿ ಹುಳು ಒಟ್ಟಿಗೇ ಹಣ್ಣಾಗಿದ್ದರಿಂದ ಕೂಲಿಗೆ ಯಾರೂ ಸಿಗಲಿಲ್ಲ. ಅಪ್ಪ, ಅಮ್ಮ, ನಾನು, ಮೂವರೇ.

ನಾನು ನಡುವಿನ ಅಟ್ಟಣಿಗೆಗೆ ಕೈ ಹಾಕಿದೆ. ಅಮ್ಮ ತಡೆದರು.

“ನೀನು ನಿಂತ್ಕೋಬೇಡ ಕಣಮ್ಮ, ಕಾಲು ಬಾವು ಬರ್ತದೆ. ಕೆಳಗಿಂದು ಆರ್ಸು. ಕೂತ್ಕೊಂಡೇ ಮಾಡೋ ಕೆಲಸ.”

“ಹೂಂ, ಆರಾಮಾಗಿ ಕೂತ್ಕೋ,” ಎಂದರು ಅಪ್ಪ. ಕುರ್ಚಿಗೆ ತೂತು ಕೊರೆದ ಅಪ್ಪನೇ.

ಕೂತೆ. ಕೆಳಗಿನ ಅಟ್ಟಣಿಗೆ ಪಾದದ ಗಂಟಿನಷ್ಟು ಎತ್ತರದಲ್ಲಿದೆ. ಅಲ್ಲಿ ಮಣೆ ಹಾಕಲು ಜಾಗವಿಲ್ಲ, ಕಾಲು ಚಾಚಲು ದಾರಿಯಿಲ್ಲ. ಕುಕ್ಕರಗಾಲಿನಲ್ಲಿ ಕೂತು, ಒಂದು ಮಾರು ಆರಿಸಿ, ಹಾಗೆಯೇ ಪಾದ ತಿರುಗಿಸಿ ಮುಂದಕ್ಕೆ ಸರಿಯಬೇಕು. ಬೆಳಿಗ್ಗೆ ಕಾಫಿ ಕುಡಿದು ಕೂತವಳು ಸಂಜೆ ಹಸು ಕರೆಯುವ ಹೊತ್ತಿಗೆ ಎದ್ದೆ. ಮಧ್ಯಾಹ್ನದ ಮುದ್ದೆಗೆ ಮಾತ್ರ ಎದ್ದದ್ದು. ಗೋಡೆಯ ಪಟ್ಟಿಯಲ್ಲಿ ಮೂರನೆಯ ಸಾಲು ಇತ್ತು. ಅದು ನಮ್ಮ ಮೂವರ ಕಣ್ಣಿಗೂ ಬೀಳಲಿಲ್ಲ. ಹುಳು ಆರಿಸುವುದನ್ನು ನಮ್ಮ ಮನೆಯಲ್ಲಿ ಯಾರೂ ಕುಕ್ಕರಗಾಲಲ್ಲಿ ಕೂರುವುದು ಎಂದು ಕರೆದದ್ದೇ ಇಲ್ಲ. ಅದು ಹುಳು ಆರಿಸುವುದು, ಅಷ್ಟೇ. ನನಗೆ ನೋವಾಗಿದ್ದರೆ ಎದ್ದುಬಿಡುತ್ತಿದ್ದೆನೇನೋ. ಮೂರು ದಿನ ಹಿಂದೆಯಷ್ಟೇ ಸೂಜಿ ಹಾಕಿಸಿಕೊಂಡು ಬಂದಿದ್ದೆ. ನೋವಾಗಲಿಲ್ಲ.

ಮರುದಿನ ಬೆಳಿಗ್ಗೆ ಮಂಡಿಯ ಚಿಪ್ಪು ಕಾಣಿಸಲಿಲ್ಲ. ಅದರ ಎರಡು ಬದಿಯ ಗುಳಿಗಳು ತುಂಬಿಕೊಂಡು ಮಂಡಿ ಗುಂಡಗಾಗಿತ್ತು. ಹಾಸಿಗೆಯಲ್ಲೇ ಕೂತು ಬೆರಳಿಟ್ಟು ಒತ್ತಿದೆ. ಒಳಗೆ ನೀರು ಸರಿದಂತಾಯಿತು. ನಾನು ಬಾಗಿಲು ಹಾಕಿಕೊಂಡೆ.

ಆ ನಂತರದ ನಾಲ್ಕು ದಿನಗಳನ್ನು ಹೇಗೆ ಬರೆಯಬೇಕೋ ತಿಳಿಯದು. ಮನವಿ ಪತ್ರದಲ್ಲಿ ಇಂಥದಕ್ಕೆ ಜಾಗವಿರುವುದಿಲ್ಲ. ಕ್ರೇಪ್ ಬ್ಯಾಂಡೇಜು ಸುತ್ತಿ ಮೇಲೆ ಸಡಿಲ ಪ್ಯಾಂಟು ತೊಟ್ಟೆ. ಅಮ್ಮನ ಮುಂದೆ ನಡೆಯುವಾಗ ಬಲಗಾಲನ್ನೂ ತುಸು ನಿಧಾನ ಮಾಡಿದೆ, ಎರಡೂ ಸಮವಾಗಿ ಕಾಣಲಿ ಎಂದು. ಅಪ್ಪ ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸುವ ಏರ್ಪಾಡಿನಲ್ಲಿ ಮುಳುಗಿದ್ದರು. ಯಾರಿಗೂ ಹೇಳಲಿಲ್ಲ. ಹೇಳಿದರೆ ಅಮ್ಮ ತಾನೇ ಕೂರಿಸಿದೆನೆಂದು ಎದೆ ಬಡಿದುಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು. ಹೇಳಿದರೆ ಆಯ್ಕೆ ಹೋಗುತ್ತದೆ. ಮೇಡಂ ಒಂದು ಸೂಜಿ ಹಾಕಿದರೆ ಎಲ್ಲ ಇಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮರುಕ್ಷಣವೇ, ಹುರಿ ಮತ್ತೆ ಕಿತ್ತಿದ್ದರೆ ಎಂದು ಕೇಳಿಕೊಂಡೆ. ಟಕ್ ಎಂಬ ಸದ್ದು ಬಂದಿರಲಿಲ್ಲ. ಬಂದಿತ್ತೇ? ಚಂದ್ರಂಕಿ ಎಳೆದ ಸದ್ದಿನಲ್ಲಿ ಕೇಳಿಸದೇ ಹೋಯಿತೇ? ನಾಲ್ಕು ದಿನವೂ ನಾನು ಆ ಸದ್ದನ್ನೇ ನೆನಪಿನಲ್ಲಿ ಹುಡುಕುತ್ತಿದ್ದೆ.

ಐದನೆಯ ದಿನ ಚಿಂತಾಮಣಿಗೆ ಹೋದೆ. ಮೆಟ್ಟಿಲನ್ನು ಕಂಬಿ ಹಿಡಿದು ಹತ್ತಿದೆ. ಮೇಲೆ ಮುಟ್ಟುವ ಮುನ್ನ ಬ್ಯಾಂಡೇಜು ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಮೇಡಂ ಎಂದಿನಂತೆ ಪ್ರಶ್ನೆ ಕೇಳುತ್ತಾ ಕೈ ತೊಳೆದು ಕೈಗವಸು ತೊಟ್ಟರು.

“ಓಡಿದ್ಯಾ?”

“ಇಲ್ಲ ಮೇಡಂ.”

“ಜಿಗಿದ್ಯಾ, ನಾನು ಹೇಳಿದ್ದಕ್ಕಿಂತ ಹೆಚ್ಚು?”

“ಇಲ್ಲ ಮೇಡಂ.”

“ಎಲ್ಲಾದ್ರೂ ಬಿದ್ಯಾ?”

“ಇಲ್ಲ.”

ಮೂರೂ ನಿಜವಾದ ಉತ್ತರಗಳೇ. ಅವುಗಳ ಹಿಂದೆ ಅಡಗಿಕೊಂಡು ನಾನು ಬೋರಲು ಮಲಗಿದೆ, ಮಂಡಿ ಕೆಳಗೆ ಮರೆಯಾಗಲಿ ಎಂದು. ಸ್ಪಿರಿಟ್ಟಿನ ತಣ್ಣನೆಯ ಹತ್ತಿ ತೊಡೆಗೆ ತಾಗಿತು. ಸೂಜಿಯ ಪೊಟ್ಟಣ ಹರಿದ ಸದ್ದು ಕೇಳಿಸಿತು. ಈಗ ಹಾಕುತ್ತಾರೆ, ಈಗ ಮುಗಿಯುತ್ತದೆ ಎಂದು ಕಣ್ಣು ಮುಚ್ಚಿದೆ. ಸೂಜಿ ಬರಲಿಲ್ಲ. ಪಾದ ಹಿಡಿದು ಕಾಲನ್ನು ನಿಧಾನವಾಗಿ ಮಡಿಸಿದರು. ಅರ್ಧಕ್ಕೇ ಅದು ನಿಂತಿತು.

“ತಿರುಗು.”

ತಿರುಗಿದೆ. ಮೇಡಂ ಮಂಡಿಯ ಒಂದು ಬದಿಯನ್ನು ಅಂಗೈಯಿಂದ ಸವರಿದರು, ಇನ್ನೊಂದು ಬದಿ ಉಬ್ಬಿತು. ತೆರೆದ ಸೂಜಿಯನ್ನು ಬಳಸದೆಯೇ ಹಳೆಯ ಸೂಜಿಗಳ ಡಬ್ಬಿಯೊಳಗೆ ಹಾಕಿದರು. ಕಿಟಕಿಯಾಚೆ ಯಾರೋ ಟೊಮೆಟೊ ಕೂಗುತ್ತಿದ್ದರು.

“ಹೇಳು,” ಎಂದರು.

“ಏನೂ ಮಾಡಿಲ್ಲ ಮೇಡಂ. ಮನೇಲೇ ಇದ್ದೆ. ಕೂತಿದ್ದೆ.”

“ಎಲ್ಲಿ ಕೂತಿದ್ದೆ?”

“ಹುಳು ಹಣ್ಣಾಗಿತ್ತು...” ಎಂದೆ. ಅಷ್ಟಕ್ಕೇ ಅವರು ಹಣೆಗೆ ಕೈ ಹಚ್ಚಿಕೊಂಡರು.

“ಅಯ್ಯೋ ತಲ್ಲಿ. ಕೆಳಗಿನ ಸ್ಟ್ಯಾಂಡಾ?”

ನನಗೆ ಆಶ್ಚರ್ಯವಾಯಿತು. ತಲೆಯಾಡಿಸಿದೆ.

“ಎಷ್ಟೊತ್ತು?”

“ಬೆಳಿಗ್ಗೆಯಿಂದ ಸಂಜೆ ಗಂಟ.”

ಅವರು ಸ್ಟೂಲು ಎಳೆದುಕೊಂಡು ಕೂತರು. “ನಮ್ಮೂರು ಕೆಂಚಾರ್ಲಹಳ್ಳಿ ಕಣಮ್ಮ. ನಮ್ಮಮ್ಮನೂ ಹುಳ ಸಾಕ್ತಿದ್ಲು. ನಾನು ಹತ್ತು ವರ್ಷ ಆ ಕೆಳಗಿನ ಸ್ಟ್ಯಾಂಡ್ ಮುಂದೆ ಕೂತಿದ್ದೀನಿ. ಓಡಿದ್ಯಾ, ಜಿಗಿದ್ಯಾ ಅಂತ ಪುಸ್ತಕದಲ್ಲಿರೋದನ್ನೆಲ್ಲ ಕೇಳ್ದೆ. ಇದೊಂದನ್ನ ಕೇಳ್ಲಿಲ್ಲ ನೋಡು. ನಿನ್ನ ತಪ್ಪು ಎಷ್ಟೋ, ನನ್ದೂ ಅಷ್ಟೇ.” ಕೈಗವಸು ಕಳಚುತ್ತಾ, “ಆದ್ರೆ ಬಚ್ಚಿಟ್ಟಿದ್ದು ಮಾತ್ರ ಪೂರ್ತಿ ನಿನ್ದೇ,” ಎಂದರು.

ಬಳಿಕ ಒಂದು ಕೈಯಲ್ಲಿ ನನ್ನ ತೊಡೆಯನ್ನು ಅದುಮಿ ಹಿಡಿದು, ಇನ್ನೊಂದು ಕೈಯಿಂದ ಮಂಡಿಯ ಕೆಳಗಿನ ಮೂಳೆಯನ್ನು ತಮ್ಮತ್ತ ಎಳೆದರು. ಹಸು ಕಟ್ಟುವ ಗೂಟ ನಾಟಿಕೊಂಡಿದೆಯೇ ಎಂದು ಹಗ್ಗ ಎಳೆದು ನೋಡುವಂತೆ. ಒಂದು ಸಲ, ಎರಡು ಸಲ. ಬಲಗಾಲನ್ನೂ ಎಳೆದು ನೋಡಿ ಮತ್ತೆ ಎಡಕ್ಕೆ ಬಂದರು. ನಾನು ಅವರ ಮುಖವನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಎಂಟು ತಿಂಗಳು, ಆಸ್ಪತ್ರೆ, ಬಸ್ಸುಗಳು, ಅಪ್ಪನ ಕುರ್ಚಿ, ಎಲ್ಲವೂ ಆ ಎರಡು ಕೈಗಳ ನಡುವೆ ಇದ್ದವು.

“ಹುರಿ ಹಿಡ್ಕೊಂಡಿದೆ,” ಎಂದರು. “ಗಟ್ಟಿಯಾಗಿ ನಿಲ್ತಾ ಇದೆ. ಒಳಗಿನ ಹೊಲಿಗೆ ಏನಾಯ್ತೋ ನನ್ನ ಕೈಗೆ ಗೊತ್ತಾಗಲ್ಲ. ಬೆಂಗಳೂರಿಗೆ ಹೋಗಿ ತೋರ್ಸು.”

ಅಂದೇ ಮನೆಯಲ್ಲಿ ಎಲ್ಲವನ್ನೂ ಹೇಳಿದೆ, ಅಪ್ಪ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋದರು. ಶಸ್ತ್ರಚಿಕಿತ್ಸೆ ಮಾಡಿದ್ದ ವೈದ್ಯರು ಸ್ಕ್ಯಾನ್ ಮಾಡಿಸಿ, ಹೊಲಿಗೆ ಬಿಟ್ಟಿಲ್ಲ, ಆದರೆ ಮೆತ್ತೆಗೆ ಬಹಳ ಒತ್ತಡ ಬಿದ್ದಿದೆ, ಇನ್ನು ಎರಡು ತಿಂಗಳು ತಿರುಗುವ ಆಟ ಆಡುವಂತಿಲ್ಲ ಎಂದು ತಿಳಿಸಿದರು. ಆಯ್ಕೆಗೆ ಇನ್ನೂ ಎರಡು ವಾರವಿತ್ತು. ಅಪ್ಪ ಬಸ್ಸಿನಲ್ಲಿ ಸ್ಕ್ಯಾನಿನ ಲಕೋಟೆಯನ್ನು ಮಡಿಲಿನಿಂದ ಕೆಳಗಿಡಲಿಲ್ಲ. ಅಮ್ಮ ಆ ದಿನದಿಂದ ಹುಳುಮನೆಗೆ ಹೋಗುವಾಗಲೆಲ್ಲ ಕೆಳಗಿನ ಅಟ್ಟಣಿಗೆಯನ್ನು ದಿಟ್ಟಿಸಿ ನೋಡುತ್ತಿದ್ದರು.

ತರಬೇತುದಾರರಿಗೆ ದೂರವಾಣಿ ಮಾಡಿದೆ. ಅವರು ಕೆಟ್ಟವರಲ್ಲ. ನನ್ನನ್ನು ಏಳನೆಯ ತರಗತಿಯಿಂದ ಆಡಿಸಿದವರು.

“ನೋಡಮ್ಮಾ,” ಎಂದರು, “ಆಯ್ಕೆ ದಿನ ಒಂದು ರೈಡು ಹೋದ್ರೆ ಸಾಕು. ನಿನ್ನ ಆಟ ಅವರಿಗೆ ಗೊತ್ತು. ಪಟ್ಟಿಯಲ್ಲಿ ಹೆಸ್ರು ಬಿದ್ಮೇಲೆ ಎರಡು ತಿಂಗಳು ರೆಸ್ಟ್ ತಗೋ, ಯಾರು ಕೇಳ್ತಾರೆ? ಆ ಮೇಡಂ ಹತ್ರ ಹಿಂದಿನ ದಿನ ಸೂಜಿ ಹಾಕಿಸ್ಕೊಂಡು ಬಾ. ಒಂದು ರೈಡು ಕಣಮ್ಮ, ಮೂವತ್ತು ಸೆಕೆಂಡು.”

ಮೂವತ್ತು ಸೆಕೆಂಡು. ಆ ಲೆಕ್ಕ ನನ್ನ ತಲೆಯೊಳಗೆ ಕೂತುಬಿಟ್ಟಿತು. ಊಟಕ್ಕೆ ಕೂತಾಗ, ಹಲ್ಲುಜ್ಜುವಾಗ, ಉಸಿರು ಬಿಡದೆ ಮೂವತ್ತು ಎಣಿಸಿ ನೋಡುತ್ತಿದ್ದೆ. ಬಾವು ಇಳಿದಿತ್ತು. ಹಿಂಬದಿಯ ಗಂಟು ನೋವು ಮಾತ್ರ ಉಳಿದಿತ್ತು. ಅದು ಸೂಜಿಗೆ ಮಣಿಯುವ ನೋವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆಯ್ಕೆಗೆ ಎರಡು ದಿನ ಇರುವಾಗ ಮತ್ತೆ ಮೆಟ್ಟಿಲು ಹತ್ತಿದೆ.

“ಹಿಂದ್ಗಡೆ ಮಾತ್ರ ಮೇಡಂ. ಒಂದೇ ಸೂಜಿ. ಮಂಡಿಗೆ ಬೇಡ.”

ಅವರು ಗೋಡೆಯ ಕ್ಯಾಲೆಂಡರ್ ನೋಡಿದರು. “ನಾಳಿದ್ದು ಆಯ್ಕೆ ಅಲ್ವಾ?”

“ಹೂಂ.”

“ಸೂಜಿ ಹಾಕಿದ್ರೆ ನೋವು ಹೋಗ್ತದೆ. ನೋವು ಹೋದ್ರೆ ನೀನು ಆಡ್ತೀಯ. ಅದಕ್ಕೇ ಹಾಕಲ್ಲ.”

“ಕೊನೇ ಅವಕಾಶ ಮೇಡಂ.”

“ಗೊತ್ತು ತಲ್ಲಿ. ನಿನ್ನ ನೋವು ಈಗ ಬಾಗಿಲು ಕಾಯ್ತಾ ನಿಂತದೆ. ಅದನ್ನ ನನ್ನ ಕೈಯಾರೆ ಆಚೆ ಕಳ್ಸು ಅಂತೀಯಾ?”

ಕೆಳಗಿಳಿದು ಬಂದು ಬಸ್ ನಿಲ್ದಾಣದ ಕಲ್ಲಿನ ಮೇಲೆ ಕೂತೆ. ಅಳು ಬರಲಿಲ್ಲ. ಕೋಪ ಬಂತು. ಬಾಗಿಲು ಕಾಯುವ ಮಾತು ಹೇಳಿದರಲ್ಲ, ಅದನ್ನೇ ಯೋಚಿಸುತ್ತಾ ಕೂತಾಗ ಒಂದು ವಿಷಯ ಹೊಳೆಯಿತು. ಹುಳು ಹಣ್ಣಾದ ದಿನ ನನ್ನ ಮಂಡಿಗೆ ಒಂದು ಚೂರು ಮುಲಾಮಿನ ವಾಸನೆ ಇದ್ದಿದ್ದರೆ, ಅಮ್ಮ ನನ್ನನ್ನು ಹೊಸಿಲ ಆಚೆಯೇ ನಿಲ್ಲಿಸುತ್ತಿದ್ದರು. ವಾಸನೆಯಿಲ್ಲದ ಚಿಕಿತ್ಸೆಯಾದ್ದರಿಂದಲೇ ನನಗೆ ಒಳಗೆ ಹೋಗಲು ಒಪ್ಪಿಗೆ ಸಿಕ್ಕಿದ್ದು. ನೋವೂ ಇರಲಿಲ್ಲ, ವಾಸನೆಯೂ ಇರಲಿಲ್ಲ. ನನ್ನನ್ನು ತಡೆಯಲು ಅಂದು ಯಾರೂ ಇರಲಿಲ್ಲ. ಈಗ ಒಂದು ನೋವು ಉಳಿದಿದೆ.

ಮನೆಗೆ ಬಂದು ಹಾಳೆ ತೆಗೆದು ಪತ್ರ ಬರೆದೆ. ಆಯ್ಕೆಯ ದಿನ ಚಿಕ್ಕಬಳ್ಳಾಪುರಕ್ಕೆ ಹೋದೆ, ಚಪ್ಪಲಿಯಲ್ಲೇ. ಆಡುವ ಬೂಟು ತರಲಿಲ್ಲ, ತಂದರೆ ತೊಡುತ್ತೇನೆಂಬ ಭಯದಿಂದ. ಅಂಕಣಕ್ಕೆ ನೀರು ಚಿಮುಕಿಸಿ ಗೆರೆ ಹಾಕಿದ್ದರು. ಒದ್ದೆ ಮಣ್ಣಿನ ವಾಸನೆಗೆ ನನ್ನ ತೊಡೆ ತಾನಾಗಿ ಬಿಗಿಯಾಯಿತು. ಎಡ ತೊಡೆಯೇ. ಅಷ್ಟು ತಿಂಗಳು ಕರೆದರೂ ಬಾರದಿದ್ದದ್ದು.

ತರಬೇತುದಾರರು ನನ್ನ ಕಾಲು ನೋಡಿದರು, ಚಪ್ಪಲಿ ನೋಡಿದರು, ಪತ್ರ ತೆಗೆದುಕೊಂಡರು. ಅಭ್ಯಾಸಬಲದಿಂದ ಜೇಬಿನ ಕೆಂಪು ಪೆನ್ನು ಹೊರಬಂತು. ಪತ್ರದಲ್ಲಿ ನಾನು ಹೀಗೆ ಬರೆದಿದ್ದೆ: ‘ಮನೆ ಕೆಲಸದ ನಿಮಿತ್ತ ದಿನವಿಡೀ ಕುಕ್ಕರಗಾಲಿನಲ್ಲಿ ಕೂತು ಹುಳು ಆರಿಸಿದ್ದರಿಂದ ನನ್ನ ಮಂಡಿಗೆ ತೊಂದರೆಯಾಗಿದ್ದು, ಆಯ್ಕೆ ಪಟ್ಟಿಯಿಂದ ನನ್ನ ಹೆಸರನ್ನು ಕೈಬಿಡಬೇಕಾಗಿ ಕೋರುತ್ತೇನೆ.’

“ಇದೇನಮ್ಮಾ, ಹುಳು ಗಿಳು ಅಂತೆಲ್ಲ ಬರೆದಿದ್ದೀಯ? ‘ಅನಾರೋಗ್ಯದ ನಿಮಿತ್ತ’ ಅಂತ ಹಾಕು, ಸಾಕು. ಕಚೇರಿ ಪತ್ರ ಇದು.”

“ಇಲ್ಲ ಸರ್. ನನಗೆ ಅನಾರೋಗ್ಯ ಇರಲಿಲ್ಲ.”

“ನಗ್ತಾರೆ ಕಣಮ್ಮ.”

“ನಗ್ಲಿ ಸರ್. ಓದಿದವರ ಮನೇಲೂ ಹುಳ ಇರಬಹುದು.”

ಅವರು ಒಂದೇ ಒಂದು ಒತ್ತಕ್ಷರ ತಿದ್ದಿ, ಕಾರಣವನ್ನು ಹಾಗೆಯೇ ಬಿಟ್ಟು ಸಹಿ ಹಾಕಿದರು. “ಮುಂದಿನ ಪಂದ್ಯದ ಪತ್ರಾನೂ ನೀನೇ ಬರೀಬೇಕು,” ಎಂದಷ್ಟೇ ಹೇಳಿ ಅಂಕಣದ ಕಡೆ ಹೋದರು. ಆ ದಿನದ ಆಟವನ್ನು ನಾನು ಪೂರ್ತಿಯಾಗಿ ನೋಡಲಿಲ್ಲ. ನನ್ನ ಜಾಗದಲ್ಲಿ ದಾಳಿಗೆ ಹೋದವಳು ಮೊದಲ ರೈಡಿನಲ್ಲೇ ಅಂಕ ತಂದಾಗ ಎದ್ದು ಬಸ್ಸಿಗೆ ನಡೆದೆ.

ಆ ತಂಡಕ್ಕೆ ನಾನು ಸೇರಲಿಲ್ಲ, ಇನ್ನು ಸೇರುವುದೂ ಇಲ್ಲ. ಎರಡು ತಿಂಗಳ ನಂತರ ಸೂಜಿ, ವ್ಯಾಯಾಮ, ಬಿಳಿ ಟೇಪು ಮತ್ತೆ ಪ್ರಾರಂಭವಾದವು. ಸದ್ಯ ಎಡಗಾಲು ಎರಡು ಬೆರಳು ಹಿಂದಿದೆ. ಜಿಲ್ಲಾ ಮಹಿಳಾ ತಂಡಕ್ಕೆ ವಿದ್ಯಾರ್ಥಿನಿಯೇ ಆಗಿರಬೇಕೆಂಬ ನಿಯಮವಿಲ್ಲ. ಮೇಡಂ ಈಗ ಎಲ್ಲ ಹಳ್ಳಿಯವರಿಗೂ ಮೊದಲು ಕೇಳುವ ಪ್ರಶ್ನೆ, “ಮನೇಲಿ ಹುಳ ಇದೆಯಾ?”

ಕಳೆದ ವಾರ ನಮ್ಮ ಮನೆಯ ಹುಳು ಮತ್ತೆ ಹಣ್ಣಾಯಿತು. ಕೂಲಿಗೆ ಇಬ್ಬರು ಬಂದಿದ್ದರೂ ಕೈ ಸಾಲುತ್ತಿರಲಿಲ್ಲ. ನಾನು ಅಂಗಳದಲ್ಲಿ ನಿಂತು ನೋಡುತ್ತಿದ್ದೆ. ಬರೀ ನಡುವಿನ ಅಟ್ಟಣಿಗೆಯನ್ನು, ಒಂದು ಗಂಟೆ ಮಾತ್ರ, ನಿಂತುಕೊಂಡೇ ಆರಿಸಿದರೆ ಏನಾದೀತು ಎಂದು ಹೆಜ್ಜೆ ಮುಂದಿಟ್ಟೆ. ಒಳಗಿದ್ದ ಅಮ್ಮ ನನ್ನ ಪಾದ ನೋಡಿ, ಅಪ್ಪನನ್ನು ಕೂಗಿ ಏನೋ ಹೇಳಿದರು. ಅಪ್ಪ ಅಡುಗೆಮನೆಯ ಗೂಡಿನಿಂದ ಒಂದು ಡಬ್ಬಿ ತಂದು ನನ್ನ ಕೈಗಿಟ್ಟರು. ಹಿಂದೆ ಮುಚ್ಚಳ ತೆಗೆಯಲೂ ಬಿಡದಿದ್ದ ಅದೇ ಮುಲಾಮು. ಅಮ್ಮ ಅದನ್ನು ಎಸೆದಿರಲಿಲ್ಲ.

“ಹಚ್ಕೋ,” ಎಂದರು ಅಮ್ಮ ಒಳಗಿನಿಂದಲೇ. “ಚೆನ್ನಾಗಿ ಹಚ್ಕೋ. ಆಮೇಲೆ ಈ ಕಡೆ ತಲೆ ಹಾಕಿದ್ರೆ ನೋಡು!”

ಅಂಗಳದ ಕುರ್ಚಿಯಲ್ಲಿ ಕಾಲು ಚಾಚಿ ಕೂತು, ಎಡ ಮಂಡಿಗೆ ಹಚ್ಚಿಕೊಂಡೆ. ಘಾಟಿಗೆ ಕಣ್ಣಲ್ಲಿ ನೀರು ಬಂತು.

ಮೇಲ್ಕಂಡ ಎಲ್ಲ ಸಂಗತಿಗಳನ್ನು ನನ್ನ ನೆನಪಿಗೆ ಬಂದಷ್ಟು ಸರಿಯಾಗಿ ಬರೆದಿದ್ದೇನೆ. ಈಗ ತಿದ್ದಿಕೊಡಲು ತರಬೇತುದಾರರು ಪಕ್ಕದಲ್ಲಿಲ್ಲ. ಆದಕಾರಣ ಅಕ್ಷರದಲ್ಲಾಗಲಿ, ಮಾತಿನಲ್ಲಾಗಲಿ, ಮಂಡಿಯ ವಿಷಯದಲ್ಲಾಗಲಿ ತಪ್ಪು ಕಂಡುಬಂದಲ್ಲಿ ತಾವು ಸಂಕೋಚವಿಲ್ಲದೆ ಕೆಂಪು ಪೆನ್ನಿನಿಂದ ಗುರುತು ಹಾಕಿ ತಿದ್ದಿಕೊಡಬೇಕಾಗಿ ಪ್ರಾರ್ಥಿಸುತ್ತೇನೆ. ಮತ್ತೊಮ್ಮೆ ಬರೆಯುವುದು ನನಗೆ ಅಭ್ಯಾಸವಿದೆ.